ಹುಳ ಜ್ವರಕ್ಕೆ ಕೂತ ದಿನ

ಬಾರೇ ಚೆಲುವಿ, ಈ ಕಡೆ ಮಗ್ಗುಲಾಗು. ಕಾಲು ನನ್ನ ಹೊಟ್ಟೆ ಮೇಲೆ ಹಾಕ್ಬೇಡ, ಮೊನ್ನೆ ಒದ್ದಿದ್ದೇ ಇನ್ನೂ ನೋಯ್ತಾ ಅದೆ. ನಿಮ್ಮವ್ವ ಬರ್ತಾಳೆ ಇರು. ಗಾರ್ಮೆಂಟ್ಸ್ ಬಸ್ಸು ಇನ್ನೂ ಬಂದಿಲ್ಲ, ಇವತ್ತೂ ಓಟಿ ಅಂತೆ, ಹೊತ್ತು ಮೀರಿ ಕೆಲಸ, ಫೋನ್ ಮಾಡಿದ್ಲು. ಅವಳು ಬರೋಗಂಟ ಕತೆ ಹೇಳ್ತೀನಿ, ಆದ್ರೆ ನೀನು ಹೂಂಗುಟ್ಟಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೆನೂ ನಿಲ್ತದೆ, ಆಮೇಲೆ ಬೆಳಿಗ್ಗೆ ಎದ್ದು ಏನಾಯ್ತಜ್ಜಿ ಏನಾಯ್ತಜ್ಜಿ ಅಂತ ಸೆರಗು ಎಳೀಬೇಡ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ಲಂಗ ಉಟ್ಕೊಂಡು ಓಡಾಡ್ತಿದ್ದ ಕಾಲದಲ್ಲಿ, ಒಂದು ಸಣ್ಣ ರಾಜ್ಯ ಇತ್ತಂತೆ. ಎಂಟು ಊರು, ಒಂದು ಕೆರೆ, ಒಬ್ಬ ರಾಜ. ಆ ರಾಜನಿಗೆ ಒಂದು ಹುಳದ ಮನೆ ಇತ್ತಂತೆ. ಥೂ, ಮುಖ ಸಿಂಡರಿಸ್ಬೇಡ, ರೇಷ್ಮೆ ಹುಳ ಕಣೇ. ಉದ್ದನೆ ಹೆಂಚಿನ ಮನೆ, ಒಳಗೆ ಸಾಲಾಗಿ ಬಿದಿರಿನ ಅಟ್ಟಣೆ, ಅಟ್ಟಣೆ ಮೇಲೆ ದೊಡ್ಡ ದೊಡ್ಡ ತಟ್ಟೆ, ತಟ್ಟೆ ತುಂಬಾ ಹುಳ. ಹಿಂದ್ಗಡೆ ಹಿಪ್ಪುನೇರಳೆ ತೋಟ. ಸೊಪ್ಪು ಕಿತ್ತು ತಂದು ಹೆಚ್ಚಿ ಹಾಕೋಕೆ ಇಪ್ಪತ್ತು ಜನ ಹೆಂಗಸರು. ಗಂಡ ಬಿಟ್ಟವರು, ಗಂಡ ಸತ್ತವರು, ಅಣ್ಣತಮ್ಮಂದಿರ ಮನೇಲಿ ಜಾಗ ಇಲ್ದವರು. ಆ ಹುಳದ ಮನೆ ಬಿಟ್ರೆ ಅವರಿಗೆ ಇನ್ನೊಂದು ಸೂರಿಲ್ಲ.

ಆ ಮನೆ ಯಜಮಾನಿ ಸಾಕವ್ವ ಅಂತ. ಮೂವತ್ತು ವರ್ಷ ಹುಳ ಸಾಕಿದವಳು. ಅವಳ ಕೈಲಿ ಒಂದು ಬೆಳೆನೂ ಕೆಟ್ಟಿರಲಿಲ್ಲವಂತೆ. ಆಮೇಲೆ ವಯಸ್ಸಾಯ್ತು, ಕಣ್ಣಿಗೆ ಪೊರೆ ಬಂತು, ಯಾವ ಹುಳ ಎದ್ದದೆ ಯಾವ ಹುಳ ಮಲಗ್ಯದೆ ಅಂತಾನೇ ಕಾಣದಂಗಾಯ್ತು. ರಾಜನ ಹತ್ರ ಹೋಗಿ, ಬುದ್ಧೀ, ನನ್ನ ಕೈಲಿ ಇನ್ನಾಗಲ್ಲ, ನನಗೆ ಮೂವರು ಗಂಡುಮಕ್ಕಳವ್ರೆ, ಯಾರಿಗೆ ಒಪ್ಪಿಸಲಿ ನೀವೇ ಹೇಳಿ ಅಂದ್ಳಂತೆ. ದೊಡ್ಡೋನು ಕೆಂಚ, ನಡುವಿನೋನು ಬೋರ, ಕಿರಿಯೋನು ನಿಂಗ. ಮೂವರೂ ಹೊಲದಲ್ಲೇ ಬೆಳೆದವರು, ಹುಳದ ಮನೆ ಒಳಗೆ ಕಾಲಿಟ್ಟವರಲ್ಲ. ಆ ನಿಂಗನಿಗೆ ಊರೆಲ್ಲಾ ತೂಕಡಿಕೆ ನಿಂಗ ಅಂತಿದ್ರಂತೆ, ನಿನ್ನಂಗೇ, ಕೂತಲ್ಲಿ ನಿಂತಲ್ಲಿ ನಿದ್ದೆ.

ರಾಜ ಅಂದ್ನಂತೆ, ನನ್ನ ಮಗಳ ಮದುವೆ ಬರ್ತಾ ಅದೆ, ಧಾರೆ ಸೀರೆ ನಮ್ಮ ಹುಳದ ಮನೆ ರೇಷ್ಮೇಲೇ ಆಗ್ಬೇಕು, ಅದು ನಮ್ಮ ಮನೆತನದ ಪದ್ಧತಿ. ಮದುವೆಗೆ ಮುಂಚೆ ಮೂರು ಬೆಳೆ ಬರ್ತದೆ. ಮೂವರೂ ಒಂದೊಂದು ಬೆಳೆ ತೆಗೀಲಿ, ಯಾರದು ಚೆನ್ನಾಗಾದರೆ ಅವನೇ ಯಜಮಾನ. ಮೂರೂ ಕೆಟ್ರೆ ಮಾತ್ರ ಆ ಮನೆ ಕೆಡವಿ ಕುದುರೆ ಲಾಯ ಕಟ್ಟಿಸ್ತೀನಿ, ತೋಟ ಕಿತ್ತು ಹುರುಳಿ ಹಾಕಿಸ್ತೀನಿ ಅಂತ. ಮನೆ ಹೋದ್ರೆ ಇಪ್ಪತ್ತು ಜನ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ಬೇಕು? ಆದ್ರೆ ರಾಜನ ಮುಂದೆ ಸಾಕವ್ವ ಏನಂತಾಳೆ, ಸರಿ ಬುದ್ಧಿ ಅಂತ ಬಂದು ಜಗಲಿ ಮೇಲೆ ಕೂತ್ಕೊಂಡ್ಳಂತೆ.

ಹೂಂ ಅನ್ನು. ಹಾಂ.

ಈಗ ಒಂದು ವಿಷಯ ಹೇಳ್ಬೇಕು, ಇದು ಗೊತ್ತಿಲ್ದಿದ್ರೆ ಕತೆ ಗೊತ್ತಾಗಲ್ಲ. ರೇಷ್ಮೆ ಹುಳ ಹಗಲು ರಾತ್ರಿ ತಿಂತಾನೇ ಇರಲ್ಲ. ಮೂರು ನಾಲ್ಕು ದಿನ ತಿಂತದೆ, ಆಮೇಲೆ ತಟಕ್ಕಂತ ನಿಲ್ಲಿಸಿಬಿಡ್ತದೆ. ತಲೆ ಮೇಲೆತ್ತಿ, ಅಲ್ಲಾಡ್ದಂಗೆ ಕೂತ್ಬಿಡ್ತದೆ. ಅದನ್ನ ಹುಳ ಜ್ವರಕ್ಕೆ ಕೂತದೆ ಅಂತಾರೆ. ನಮ್ಮಂಥ ಜ್ವರ ಅಲ್ಲ, ಹಳೇ ಚರ್ಮ ಕಳಚಿ ಹೊಸ ಚರ್ಮ ಬರೋ ಹೊತ್ತು ಅದು. ಒಂದಿನ ಆದ್ಮೇಲೆ ಎದ್ದು ಮತ್ತೆ ತಿನ್ನೋಕೆ ಶುರು. ಗೂಡು ಕಟ್ಟೋದ್ರೊಳಗೆ ನಾಲ್ಕು ಸಲ ಜ್ವರ. ಕತೇಲೆಲ್ಲಾ ಮೂರು ಮೂರು ಇರ್ತದಲ್ಲಜ್ಜಿ ಅಂದ್ಯಾ? ಹುಳಕ್ಕೆ ಕತೆ ಗೊತ್ತಿಲ್ಲ, ಅದಕ್ಕೆ ನಾಲ್ಕೇ. ಜ್ವರಕ್ಕೆ ಕೂತಾಗ ಮುಟ್ಟಬಾರದು, ಸೊಪ್ಪು ಹಾಕಬಾರದು. ಸಾಕವ್ವನ ಕಾಲದಲ್ಲಿ ಇನ್ನೊಂದು ಪದ್ಧತಿ ಇತ್ತಂತೆ. ಹುಳ ಜ್ವರಕ್ಕೆ ಕೂತ ದಿನ ಹೆಂಗಸರೂ ಅಟ್ಟಣೆ ಕೆಳಗೇ ಚಾಪೆ ಹಾಸಿ ಮಲಗಿಬಿಡೋರಂತೆ. ಹುಳಕ್ಕೂ ನಿದ್ದೆ, ಇವರಿಗೂ ನಿದ್ದೆ.

ಮೊದಲನೇ ಬೆಳೆ ಕೆಂಚಂದು. ಕೆಂಚ ಕೆಟ್ಟವನಲ್ಲ, ಆದ್ರೆ ದುರಾಸೆ. ಅವ್ವ ನೂರು ತಟ್ಟೆ ಸಾಕಿದ್ರೆ ನಾನು ಇನ್ನೂರು ಸಾಕ್ತೀನಿ, ರಾಜನ ಬಾಯಿ ಮುಚ್ಚಿಸ್ತೀನಿ ಅಂದ್ಕೊಂಡ್ನಂತೆ. ಮನೆ ಅಷ್ಟೇ, ತೋಟ ಅಷ್ಟೇ, ಹೆಂಗಸರು ಅದೇ ಇಪ್ಪತ್ತು ಜನ. ಹುಳ ಮಾತ್ರ ಎರಡರಷ್ಟು. ಕೋಳಿ ಕೂಗೋಕೆ ಮುಂಚೆ ಎಬ್ಬಿಸೋನಂತೆ. ಬುಟ್ಟಿ ಹೊತ್ತು ಹೊತ್ತು ಹೆಂಗಸರ ನೆತ್ತಿ ಮೇಲೆ ಕೂದಲೇ ಉದುರೋಯ್ತಂತೆ. ಬೆಳಿಗ್ಗೆ ತಂಪಲ್ಲಿ ಕೀಳೋ ಸೊಪ್ಪು ಸಾಕಾಗ್ದೆ, ನಡು ಮಧ್ಯಾಹ್ನ ಬಾಡಿದ ಸೊಪ್ಪು ಕಿತ್ತು ತರೋರಂತೆ.

ಆಮೇಲೆ ಮೊದಲನೇ ಜ್ವರ ಬಂತು. ಕೆಂಚ ಬಾಗಿಲು ತೆಗೆದು ನೋಡ್ತಾನೆ, ಅಯ್ಯಯ್ಯಪ್ಪಾ! ಇನ್ನೂರು ತಟ್ಟೇಲೂ ಹುಳ ಕಲ್ಲಾಗಿ ಕೂತವೆ. ಕೆಳಗೆ ನೋಡಿದ್ರೆ ಇಪ್ಪತ್ತು ಜನ ಹೆಂಗಸರೂ ಕೆಡೆದವ್ರೆ. ಅಯ್ಯೋ ಹುಳಾನೂ ಸತ್ತೋದ್ವು, ಇವರೂ ಸತ್ತೋದ್ರು ಅಂತ ತಲೆ ತಲೆ ಚಚ್ಕೊಂಡ್ನಂತೆ. ಅಷ್ಟ್ರಲ್ಲಿ ಹೊನ್ನಿ ಅನ್ನೋಳು ಕಣ್ಣುಜ್ಜಿಕೊಂಡು ಎದ್ದು, ಇಲ್ಲ ಕಣಯ್ಯಾ, ಜ್ವರಕ್ಕೆ ಕೂತವೆ, ಇವತ್ತೊಂದಿನ ನಾವೂ ಮಲಗ್ತೀವಿ, ನಿಮ್ಮವ್ವನ ಕಾಲದಿಂದ ಬಂದ ಪದ್ಧತಿ ಅಂದ್ಳಂತೆ. ಹೊನ್ನಿ ಅಂದ್ರೆ ಆ ಇಪ್ಪತ್ತು ಜನರಲ್ಲಿ ಗಟ್ಟಿಗಿತ್ತಿ. ಎಲೆ ಮುಟ್ಟಿ ನೋಡಿ ಹುಳಕ್ಕೆ ಆಗ್ತದೋ ಇಲ್ವೋ ಹೇಳೋಳು.

ಕೆಂಚನಿಗೆ ಮೈಯೆಲ್ಲಾ ಉರಿದುಹೋಯ್ತು. ಹುಳಕ್ಕೂ ಸೋಮಾರಿತನ, ನಿಮಗೂ ಸೋಮಾರಿತನ, ಏಳ್ರೇ ಮೇಲೆ, ಹಾಕ್ರೇ ಸೊಪ್ಪು ಅಂತ ಒಬ್ಬೊಬ್ಬರ ಮೇಲೂ ಒಂದೊಂದು ಚೊಂಬು ನೀರು ಸುರಿದ್ನಂತೆ. ನೋಡೇ ಚೆಲುವಿ, ಮಲಗಿದವರ ಮೇಲೆ ನೀರು! ಅವರು ನಡುಗ್ತಾ ಎದ್ದು, ಜ್ವರಕ್ಕೆ ಕೂತ ಹುಳದ ಮೇಲೆ ಸೊಪ್ಪು ಸುರಿದ್ರು. ಮಲಗಿದ ಹುಳ ಸೊಪ್ಪಿನಡಿ ಹೂತುಹೋದ್ವು. ಎರಡನೇ ಜ್ವರಕ್ಕೂ ಹಂಗೇ, ಮೂರಕ್ಕೂ ಹಂಗೇ, ನಾಲ್ಕಕ್ಕೂ ಹಂಗೇ. ಹೆಂಗಸರು ಇಪ್ಪತ್ತು ದಿನ ನೆಟ್ಟಗೆ ಕಣ್ಣು ಮುಚ್ಚಲಿಲ್ಲವಂತೆ.

ಆಮೇಲೆ ಏನಾಯ್ತು ಗೊತ್ತಾ. ಕೊನೇ ವಾರ, ಹುಳ ದಪ್ಪಗಾಗಿ ಹಸಿವು ಹಸಿವು ಅನ್ನೋ ವಾರ. ಕೆಂಚ ಒಂದಿನ ಒಳಗೆ ಬಂದ. ಇಪ್ಪತ್ತು ಜನರೂ ಸಾಲಾಗಿ ನಿಂತು ಸೊಪ್ಪು ಹರಡ್ತಾವ್ರೆ, ಕೈ ಸರಸರ ಆಡ್ತಾ ಅದೆ. ಶಹಬ್ಬಾಸ್ ಅಂದ್ಕೊಂಡ. ಹತ್ರ ಹೋಗಿ ಹೊನ್ನಿ ಮುಖ ನೋಡ್ತಾನೆ, ಕಣ್ಣು ಮುಚ್ಚಿದಾವೆ! ಪಕ್ಕದವಳ ಮುಖ ನೋಡ್ತಾನೆ, ಅವಳದೂ ಮುಚ್ಚಿದಾವೆ! ಇಪ್ಪತ್ತು ಜನಕ್ಕೂ ನಿದ್ದೆ ಕಣೇ, ನಿಂತಲ್ಲೇ ನಿದ್ದೆ, ಕೈ ಮಾತ್ರ ತನ್ನ ಪಾಡಿಗೆ ತಾನು ಆಡ್ತಾ ಅದೆ. ಆಮೇಲೆ ಕಾಲ ಕೆಳಗೆ ನೋಡ್ದ. ತಟ್ಟೇಲಿ ಇರಬೇಕಾದ ಹುಳ ಅರ್ಧಕ್ಕರ್ಧ ನೆಲದ ಮೇಲೆ. ಆ ಹೆಂಗಸರು ಬರಿಗಾಲಲ್ಲಿ, ಗೊತ್ತಿಲ್ದೆ, ತಾವೇ ಸಾಕಿದ ಹುಳಾನ ತಾವೇ ತುಳೀತಾ ನಿಂತವ್ರೆ.

ಕೆಂಚ ಕಿಟಾರಂತ ಕಿರುಚಿದ್ನಂತೆ. ಆ ಸದ್ದಿಗೆ ಎಚ್ಚರ ಆಗಿ, ಹೊನ್ನಿ ಬಗ್ಗಿ ತನ್ನ ಕಾಲು ನೋಡ್ಕೊಂಡ್ಳು, ನೋಡ್ಕೊಂಡವಳೇ ಅಲ್ಲೇ ಕುಸಿದು ಬಿದ್ಳು. ಆ ಬೆಳೆಗೆ ಬಂದ ಗೂಡು ಒಂದು ಮಡಿಲಿಗೂ ಸಾಲದಷ್ಟು. ಕೆಂಚ ತಲೆ ತಗ್ಗಿಸ್ಕೊಂಡು ಹೊಲದ ಕಡೆ ಹೋದ.

ಏನೇ, ಸುಮ್ನಾದೆ? ಭಯ ಆಯ್ತಾ? ನನಗೂ ಆಗ್ತದೆ, ಕತೇಲಿ ಈ ಜಾಗಕ್ಕೆ ಬಂದಾಗೆಲ್ಲಾ ಆಗ್ತದೆ. ಮುಂದಕ್ಕೆ ಕೇಳು.

ಎರಡನೇ ಬೆಳೆ ಬೋರಂದು. ಬೋರ ಬುದ್ಧಿವಂತ. ಅಣ್ಣ ಮಾಡಿದ್ದು ತಪ್ಪು, ಅಷ್ಟೊಂದು ಹೊರೆ ಹೊರಿಸ್ಬಾರದಿತ್ತು ಅಂತ ಮತ್ತೆ ನೂರೇ ತಟ್ಟೆ ಇಟ್ಟ. ಜ್ವರದ ದಿನ ಮಲಗ್ಕೊಳ್ಳಿ ಅಂದ. ಹೆಂಗಸರಿಗೆ ಹೋದ ಜೀವ ಬಂದಂಗಾಯ್ತು. ಆದ್ರೆ ಬೋರನಿಗೆ ಒಂದು ಹುಚ್ಚು. ಎಲ್ಲಾ ಶಿಸ್ತಾಗಿರಬೇಕು. ಈ ಮನೇಲಿ ಏನು ಗಲಾಟೆ, ಏನು ಹಾಡು, ಏನು ನಗು, ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಕೈ ಹಾಕೋದು, ಇದೇನು ಸಂತೆಯಾ ಅಂತ ಮೂರು ಕಟ್ಟಳೆ ಮಾಡಿದ್ನಂತೆ. ಕೇಳದೆ ಮಾತಾಡಬಾರದು. ಇನ್ನೊಬ್ಬರ ಕೆಲಸ ಮುಟ್ಟಬಾರದು. ಹೇಳಿದ್ದು ಬಿಟ್ಟು ಬೇರೆ ಮಾಡಬಾರದು. ತಪ್ಪಿದವಳು ಹೊಸಿಲಾಚೆ ಬಿಸಿಲಲ್ಲಿ ಬುಟ್ಟಿ ಹೊತ್ತು ನಿಲ್ಲಬೇಕು.

ಮೊದಲನೇ ದಿನ ಒಬ್ಬಳು ಸೀನಿದ್ದಕ್ಕೆ ನಿಲ್ಲಿಸಿದ್ನಂತೆ. ಸೀನಿದ್ದಕ್ಕೆ! ಕೇಳದೆ ಸದ್ದು ಮಾಡಿದ್ಳು ಅಂತ. ಎರಡನೇ ದಿನ ಹೊನ್ನಿ, ಪಕ್ಕದವಳ ತಟ್ಟೆ ವಾಲಿದ್ದನ್ನ ಸರಿ ಮಾಡಿದ್ದಕ್ಕೆ ನಿಲ್ಲಿಸಿದ್ನಂತೆ. ಮೂರನೇ ದಿನದಿಂದ ಯಾರನ್ನೂ ನಿಲ್ಲಿಸೋ ಪ್ರಮೇಯವೇ ಬರಲಿಲ್ಲ. ಹುಳದ ಮನೆ ನಿಶ್ಶಬ್ದ. ನೆಲ ಥಳಥಳ. ಇಪ್ಪತ್ತು ಜನ ಒಟ್ಟಿಗೆ ಏಳ್ತಾರೆ, ಒಟ್ಟಿಗೆ ಬಗ್ತಾರೆ, ಒಟ್ಟಿಗೆ ಹಾಕ್ತಾರೆ. ರಾಜ ಒಂದ್ಸಲ ಬಂದು ನೋಡಿ, ಭಲೇ ಬೋರಾ, ನನ್ನ ಸೈನ್ಯ ಕೂಡ ಹಿಂಗಿಲ್ಲವಲ್ಲೋ ಅಂದ್ನಂತೆ. ಬೋರ ಉಬ್ಬಿಹೋದ. ಜಗಲೀಲಿ ಕೂತ ಸಾಕವ್ವ ಮಾತ್ರ, ಯಾಕೋ ಮನೆ ಒಳಗೆ ಜನಾನೇ ಇಲ್ದಂಗದೆ ಅಂದ್ಳಂತೆ. ಯಾರು ಕೇಳ್ತಾರೆ ಮುದುಕಿ ಮಾತು.

ಈಗ ನೋಡು, ಅಟ್ಟಣೆಯ ಒಂದೊಂದು ಕಾಲಿನ ಕೆಳಗೂ ಒಂದೊಂದು ನೀರಿನ ಬಟ್ಟಲು ಇಟ್ಟಿರ್ತಾರೆ, ಇರುವೆ ಹತ್ತಬಾರದು ಅಂತ. ಆ ಬಟ್ಟಲಿಗೆ ನೀರು ಹಾಕೋ ಕೆಲಸ ಅವರಲ್ಲೇ ಕಾಳಿ ಅನ್ನೋಳದು. ಮೂರು ಜ್ವರ ಕಳೆದು ನಾಲ್ಕನೇ ಜ್ವರಕ್ಕೆ ಹುಳ ಕೂರೋಕೆ ಎರಡು ದಿನ ಮುಂಚೆ ಕಾಳಿಗೆ ಹೊಟ್ಟೆನೋವು ಬಂದು ಮದ್ದಿಗೆ ಅಂತ ಪಕ್ಕದೂರಿಗೆ ಹೋದ್ಳು. ಒಂದಿನ ಆಯ್ತು, ಎರಡು ದಿನ ಆಯ್ತು. ಬಿಸಿಲಿಗೆ ಬಟ್ಟಲೆಲ್ಲಾ ಒಣಗಿದ್ವು. ಹುಳ ಜ್ವರಕ್ಕೆ ಕೂತ್ವು, ಗೋಡೆ ಸಂದಿಯಿಂದ ಇರುವೆ ಸಾಲು ಹೊರಡ್ತು.

ಹತ್ತೊಂಬತ್ತು ಜನ ನೋಡಿದ್ರಂತೆ.

ಹೊನ್ನಿ ಒಂದ್ಸಲ ಬೋರನ ಮುಂದೆ ಬಂದು ನಿಂತ್ಳಂತೆ. ಬೋರ, ಏನು, ನಾನು ಕರೆದ್ನಾ, ಹೋಗು ನಿನ್ನ ಜಾಗಕ್ಕೆ ಅಂದ. ಹೋದ್ಳು. ಅವರು ಜ್ವರದ ದಿನದ ಪದ್ಧತಿಯಂತೆ ಚಾಪೆ ಹಾಸಿ ಮಲಗಿದ್ರು. ಕಣ್ಣು ಬಿಟ್ಕೊಂಡೇ ಮಲಗಿದ್ರು. ತಲೆ ಮೇಲೆ ಇರುವೆ ಹತ್ತೋದು ಕಾಣ್ತಾ ಅದೆ, ಕೈ ಚಾಚಿದ್ರೆ ಚೊಂಬಿನಲ್ಲಿ ನೀರದೆ. ಯಾರೂ ಏಳಲಿಲ್ಲ.

ಬೆಳಿಗ್ಗೆ ಬೋರ ಬಂದು ನೋಡಿದ್ರೆ ತಟ್ಟೆಗಳೆಲ್ಲಾ ಕಪ್ಪು. ನೂರಕ್ಕೆ ನೂರೂ! ಜ್ವರಕ್ಕೆ ಕೂತ ಹುಳ, ಓಡೋಕಾಗದ ಹುಳ, ಪಾಪ. ಬೋರ ಎದೆ ಎದೆ ಬಡ್ಕೊಂಡು, ಒಬ್ಬಳೂ ನೋಡಲಿಲ್ವೇನ್ರೇ ಅಂತ ಕೂಗಿದ್ನಂತೆ. ನೋಡಿದ್ವಿ ಅಯ್ಯಾ ಅಂದ್ರಂತೆ ಎಲ್ಲಾರೂ. ಮತ್ತೆ ಹೇಳಲಿಲ್ಲ ಯಾಕೆ? ನೀವು ಕೇಳಲಿಲ್ಲ ಅಯ್ಯಾ. ಒಂದು ಚೊಂಬು ನೀರು ಹಾಕೋಕಾಗಲಿಲ್ವಾ? ಅದು ಕಾಳಿ ಕೆಲಸ ಅಯ್ಯಾ. ಹೊಡೆಯೋಣ ಅಂದ್ರೆ ಅವರು ತಪ್ಪೇ ಮಾಡಿಲ್ಲ. ಅವನು ಹೇಳಿದ್ದನ್ನೇ ಮಾಡವ್ರೆ, ಅಕ್ಷರಕ್ಕೆ ಅಕ್ಷರ.

ಹೊನ್ನಿ ಜಗಲಿಗೆ ಬಂದು ಸಾಕವ್ವನ ಮಡಿಲಲ್ಲಿ ಮುಖ ಇಟ್ಟು ಅತ್ಳಂತೆ. ಹುಳ ಹೋಯ್ತು ಅಂತ ಅಳ್ತೀಯೇನವ್ವಾ ಅಂತ ಕೇಳಿದ್ಳು ಸಾಕವ್ವ. ಇಲ್ಲ ಕಣಮ್ಮಾ, ಅವು ಸಾಯ್ತಿದ್ದಾಗ ನನಗೇನು ಅಂತ ಅನ್ನಿಸ್ತು, ಹದಿನೈದು ವರ್ಷ ಕೂಸಿನಂಗೆ ಸಾಕಿದವಳಿಗೆ ನನಗೇನು ಅಂತ ಅನ್ನಿಸಿಬಿಡ್ತಲ್ಲಮ್ಮಾ, ಅದಕ್ಕೇ ಅಳು ಬಂತು ಅಂದ್ಳಂತೆ. ಸಾಕವ್ವ ಅವಳ ತಲೆ ಸವರಿದ್ಳು.

ಬಾಗಿಲು ಸದ್ದಾಯ್ತಲ್ಲ? ಬಂದ್ಯಾ ಶಶಿ? ಬಾರವ್ವಾ. ಸಾರು ಬೆಚ್ಚಗೇ ಅದೆ, ಮುದ್ದೆ ಮುಚ್ಚಿಟ್ಟಿದೀನಿ, ಉಂಡ್ಬಿಡು. ಆಮೇಲೆ ಉಣ್ತೀಯಾ? ಆಮೇಲೆ ಅಂದ್ರೆ ಯಾವಾಗ ಮತ್ತೆ... ಸರಿ, ಸ್ವಲ್ಪ ಹೊತ್ತು ಮಗ್ಗುಲಾಗು, ನಿನ್ನ ಮಗಳು ಇನ್ನೂ ಎಚ್ಚರವಾಗೇ ಅವ್ಳೆ. ಚೆಲುವಿ, ಜರುಗು ಈಚೆ, ನಿಮ್ಮವ್ವನಿಗೆ ಜಾಗ ಬಿಡು. ಹಾಂ. ಎಲ್ಲಿಗೆ ನಿಲ್ಲಿಸಿದ್ದೆ? ನಿಂಗ. ಮೆತ್ತಗೆ ಹೇಳ್ತೀನಿ, ನೀನೂ ಮೆತ್ತಗೆ ಹೂಂ ಅನ್ನು.

ಉಳಿದಿದ್ದು ಒಂದೇ ಬೆಳೆ. ನಿಂಗ ಒಳಗೆ ಬಂದ. ಹೆಂಗಸರು ಸಾಲಾಗಿ ನಿಂತ್ಕೊಂಡು, ನಿಮ್ಮ ಕಟ್ಟಳೆ ಏನಯ್ಯಾ ಅಂದ್ರು. ಕಟ್ಟಳೆ ಗಿಟ್ಟಳೆ ನನಗೆ ಬರಲ್ಲ ಕಣ್ರವ್ವಾ, ನನಗೆ ಹುಳ ಸಾಕೋದೂ ಬರಲ್ಲ, ನೀವೇ ಹೇಳ್ಕೊಡಿ ಅಂದ್ನಂತೆ. ಅವರು ಇನ್ನೂ ಹೆದರಿದ್ರು. ಇದೂ ಒಂದು ಉಪಾಯವೇನೋ, ಬಾಯಿ ಬಿಟ್ರೆ ಬಿಸಿಲಲ್ಲಿ ನಿಲ್ಲಿಸ್ತಾನೇನೋ ಅಂತ. ಸೊಪ್ಪು ಎಷ್ಟು ಸಣ್ಣಕ್ಕೆ ಹೆಚ್ಚೋದು ಅಂತ ಕೇಳಿದ್ರೆ ಗೊತ್ತಿಲ್ಲ ಅಯ್ಯಾ. ಎಷ್ಟು ಹೊತ್ತಿಗೆ ಹಾಕೋದು? ನೀವು ಹೇಳಿದ ಹೊತ್ತಿಗೆ ಅಯ್ಯಾ. ನಿಂಗ ಬೆಚ್ಚಿಬಿದ್ದ. ಇಷ್ಟೊಂದು ತಿಳಿದವರು, ಒಂದು ಬೆಳೇಲಿ ಇವರ ಬುದ್ಧಿನೆಲ್ಲಾ ಯಾರು ಹೊತ್ಕೊಂಡು ಹೋದ್ರು ಅಂತ.

ಮೂರನೇ ದಿನ ಏನ್ಮಾಡ್ದ ಆ ಪೆದ್ದ, ಬೆಳಗಿನ ಜಾವದ ಇಬ್ಬನಿ ಸೊಪ್ಪು, ನೀರು ತೊಟ್ಟಿಕ್ತಾ ಅದೆ, ಹಂಗೇ ತಂದು ಎಳೇ ಹುಳದ ಮೇಲೆ ಹಾಕೋಕೆ ಹೋದ. ಎಲ್ಲಾರೂ ನೋಡ್ತಾವ್ರೆ, ಎಲ್ಲಾರೂ ಸುಮ್ನವ್ರೆ. ಹೊನ್ನಿ ತುಟಿ ಕಚ್ಚಿ ಹಿಡ್ಕೊಂಡವ್ಳೆ. ಇನ್ನೇನು ಸುರೀಬೇಕು, ಹೊನ್ನಿಗೆ ತಡೀಲಿಲ್ಲ. ಹಾರಿ ಬಂದು ಬುಟ್ಟಿ ಕಿತ್ಕೊಂಡು, ಏ ಮುಠ್ಠಾಳ, ಒದ್ದೆ ಸೊಪ್ಪು ಹಾಕಿ ಕೊಲ್ತೀಯೇನೋ ಕೂಸುಗಳ್ನ ಅಂತ ಬೈದೇಬಿಟ್ಳು!

ಮನೆಗೆ ಮನೆಯೇ ಗರಬಡಿದು ನಿಂತುಬಿಡ್ತು. ಯಜಮಾನನ್ನ ಮುಠ್ಠಾಳ ಅಂದ್ಳು! ಹೊನ್ನಿನೇ ಬಾಯಿ ಮೇಲೆ ಕೈ ಇಟ್ಕೊಂಡ್ಳು. ಮೂವತ್ತು ವರ್ಷದಲ್ಲಿ ಆ ಮನೇಲಿ ಆಗದ್ದು ಆಗಿಹೋಯ್ತು. ನಿಂಗ ಬುಟ್ಟಿ ನೋಡ್ದ, ಹುಳ ನೋಡ್ದ, ಹೊನ್ನಿ ಮುಖ ನೋಡ್ದ. ನೋಡಿ, ಅಕ್ಕಾ, ಹಿಂಗೇ ಬೈತಾ ಇರು, ಇಲ್ದಿದ್ರೆ ಈ ಮನೆ ಉಳಿಯಲ್ಲ ಅಂದು ಕೈ ಮುಗಿದ್ನಂತೆ. ಕಾಳಿ ಕಿಸಕ್ಕಂತ ನಕ್ಕಳು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲಾರೂ ಬಿದ್ದು ಬಿದ್ದು ನಕ್ರಂತೆ. ಜಗಲೀಲಿ ಸಾಕವ್ವ ಕಣ್ಣೊರೆಸ್ಕೊಂಡು, ಮನೆಗೆ ಜನ ಬಂದ್ರು ಅಂದ್ಳಂತೆ.

ಅಂದ ಮಾತ್ರಕ್ಕೆ ನಿಂಗನ ಕಾಲದಲ್ಲಿ ಆರಾಮ ಅಂದ್ಕೋಬೇಡ. ಹುಳ ತಿನ್ನೋ ದಿನ ಯಾರೂ ಕೂರೋ ಹಂಗಿಲ್ಲ, ನಿಂಗನೂ ಸೇರಿ. ಕೈಕಾಲು ತೊಳೀದೆ ಹೊಸಿಲು ದಾಟೋ ಹಂಗಿಲ್ಲ. ಒಂದಿನ ಸಾಕವ್ವನೇ ಹಂಗೇ ಬರೋಕೆ ಹೋದ್ರೆ, ಅವ್ವಾ, ಮೊದಲು ಕಾಲು ತೊಳ್ಕೊಂಡು ಬಾ ಅಂತ ಕಾಳಿ ಅಡ್ಡ ನಿಂತ್ಳಂತೆ. ಅದನ್ನ ಯಾರೂ ಹೇಳಿ ಮಾಡಿಸಿದ್ದಲ್ಲ, ಹೆಂಗಸರೇ ಕೂತು ಮಾಡ್ಕೊಂಡಿದ್ದು. ಯಾಕಂದ್ರೆ ಹುಳಕ್ಕೆ ಅದು ಬೇಕು. ಹುಳ ಜ್ವರಕ್ಕೆ ಕೂತ್ರೆ ಎಲ್ಲಾರೂ ಚಾಪೆಗೆ. ಎಲ್ಲರಿಗಿಂತ ಮೊದಲು ನಿಂಗ, ಅದೊಂದು ಕೆಲಸ ಅವನಿಗೆ ಯಾರೂ ಹೇಳ್ಕೊಡಬೇಕಾಗಿರಲಿಲ್ಲ. ಇರುವೆ ಬಟ್ಟಲು ನೋಡ್ಕೊಳ್ಳೋಕೆ ಸಾಕವ್ವ. ಕಣ್ಣು ಕಾಣದಿದ್ರೇನು, ಬಟ್ಟಲಿಗೆ ಬೆರಳದ್ದಿ ನೋಡೋಳು. ಆಮೇಲೆ ಕೋಲು ಹಿಡ್ಕೊಂಡು ಹೊಸಿಲ ಮೇಲೆ ಕೂರೋಳು.

ನಾಲ್ಕನೇ ಜ್ವರದ ದಿನ, ಮಟಮಟ ಮಧ್ಯಾಹ್ನ, ರಾಜ ಬಂದೇಬಿಟ್ಟ! ಮಗಳ ಮದುವೆ ಓಡಾಟದಲ್ಲಿ ಮೂರು ತಿಂಗಳಿಂದ ರಾಜನಿಗೂ ನಿದ್ದೆ ಇಲ್ಲ, ಬೀಗರ ಕಾಟ ಬೇರೆ, ಕಣ್ಣು ಕೆಂಪಗೆ. ಕುದುರೆಯಿಂದ ಇಳಿದು ಕಿಟಕೀಲಿ ಇಣುಕ್ತಾನೆ, ಹುಳ ಮಲಗವೆ, ಹೆಂಗಸರು ಮಲಗವ್ರೆ, ನಡುಮಧ್ಯೆ ಯಜಮಾನ ಕೈಕಾಲು ಚಾಚಿ ಗೊರಕೆ ಹೊಡೀತಾವ್ನೆ! ರಾಜನ ಮೀಸೆ ನಡುಗ್ತು. ಎಲ್ಲಿ ಹಾರೆ ಗುದ್ದಲಿ, ಇವತ್ತೇ ಕೆಡವ್ರೋ ಈ ಮನೆ ಅಂತ ಆಳುಗಳಿಗೆ ಹೇಳಿ, ಕತ್ತಿ ಹಿರಿದು ಬಾಗಿಲಿಗೆ ನುಗ್ಗಿದ.

ಶ್! ಅಂದ್ಳಂತೆ ಸಾಕವ್ವ. ಕೋಲು ಅಡ್ಡ ಹಿಡಿದು.

ರಾಜನಿಗೆ ಶ್ ಅಂದ್ಳು ಕಣೇ! ಹುಟ್ಟಿದಾಗಿಂದ ಆ ರಾಜನಿಗೆ ಯಾರೂ ಶ್ ಅಂದಿರಲಿಲ್ಲ. ಕುದುರೆ ಹಿಡ್ಕೊಂಡಿದ್ದ ಆಳು ಕಣ್ಣು ಮುಚ್ಕೊಂಡ, ಈಗ ಮುದುಕಿ ತಲೆ ಹೋಯ್ತು ಅಂತ. ಸಾಕವ್ವ ಅದೇ ಮೆತ್ತನೆ ದನೀಲಿ, ಜ್ವರಕ್ಕೆ ಕೂತವೆ ಬುದ್ಧಿ, ಕೂಗಬಾರದು. ಒಳಗೆ ಬರೋದಾದ್ರೆ ಕತ್ತಿ ಆಚೆ ಇಟ್ಟು ಕಾಲು ತೊಳ್ಕೊಂಡು ಬನ್ನಿ. ಕೆಡವೋದಾದ್ರೆ ನಾಳೆ ಬೆಳಿಗ್ಗೆ ಕೆಡವಿ, ಇವತ್ತು ಬೇಡ ಅಂದ್ಳಂತೆ. ರಾಜ ಎಷ್ಟು ಬೆಪ್ಪಾದ ಅಂದ್ರೆ, ಹೇಳಿದಂಗೆ ಹೋಗಿ ಕಾಲು ತೊಳ್ಕೊಂಡು ಬಂದ! ಬಂದು ಹೊಸಿಲ ಪಕ್ಕ ಕಂಬಕ್ಕೆ ಒರಗಿ ಕೂತ, ಈ ಮುದುಕಿಗೆ ಏನು ಶಿಕ್ಷೆ ಕೊಡಲಿ ಅಂತ ಯೋಚನೆ ಮಾಡ್ತಾ. ಒಳಗೆ ತಂಪು. ಸೊಪ್ಪಿನ ವಾಸನೆ. ಇಪ್ಪತ್ತು ಜನರ ಉಸಿರು. ಯೋಚನೆ ಮಾಡ್ತಾ ಮಾಡ್ತಾ ರಾಜನ ಕಿರೀಟ ಒಂದು ಕಡೆ ವಾಲ್ತು. ಹಾರೆ ತಂದ ಆಳುಗಳು, ಈಗ ಕೆಡವೋದೋ ಬಿಡೋದೋ ಅಂತ ಗೊತ್ತಾಗ್ದೆ ನಿಂತ್ರು ನಿಂತ್ರು, ಆಮೇಲೆ ಅವರೂ ಹುಣಸೆಮರದಡಿ ಮಲಗಿದ್ರು.

ರಾಜನಿಗೆ ಎಚ್ಚರ ಆಗಿದ್ದು ಮಾರನೇ ದಿನ ಬೆಳಿಗ್ಗೆ, ಮಳೆ ಸದ್ದಿಗೆ. ಜೋರು ಮಳೆ, ಸೋ ಅಂತ. ಅಯ್ಯೋ ಮದುವೆ ಚಪ್ಪರ ನೆನೆದುಹೋಯ್ತು ಅಂತ ಗಾಬರಿ ಬಿದ್ದು ಅಂಗಳಕ್ಕೆ ಓಡಿದ. ನೋಡಿದ್ರೆ ಎಳೇ ಬಿಸಿಲು, ನೆಲ ಒಣಗಿದ ನೆಲ! ಒಳಗೆ ಬಂದ್ರೆ ಮಳೆ, ಹೊರಗೆ ಹೋದ್ರೆ ಬಿಸಿಲು. ಏನೇ ಮುದುಕಿ ಇದು ಮಾಟ ಅಂದ. ಮಳೆ ಅಲ್ಲ ಬುದ್ಧಿ, ಹುಳ ಎದ್ದವೆ, ಸೊಪ್ಪು ತಿಂತಾವೆ, ಅದು ಅವು ತಿನ್ನೋ ಸದ್ದು ಅಂದ್ಳಂತೆ ಸಾಕವ್ವ. ನಿಜ ಕಣೇ ಚೆಲುವಿ, ನೂರು ತಟ್ಟೆ ಹುಳ ಒಟ್ಟಿಗೆ ತಿಂದ್ರೆ ಮಳೆ ಸದ್ದೇ ಬರ್ತದೆ.

ರಾಜ ಬಾಯಿ ಬಿಟ್ಕೊಂಡು ನೋಡ್ದ. ಹಿಂದಿನ ದಿನ ಮಲಗೋಕೆ ಮುಂಚೆಯೇ ಕಿತ್ತು ಒದ್ದೆ ಗೋಣಿ ಹೊದಿಸಿಟ್ಟಿದ್ದ ಸೊಪ್ಪು, ಬುಟ್ಟಿ ಬುಟ್ಟಿ ಕೈಯಿಂದ ಕೈಗೆ ಹಾರ್ತಾ ಅದೆ. ಒಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ದನಿಗೂಡಿಸ್ತಾರೆ. ಆ ಮೂಲೆ ತಟ್ಟೆ ಇನ್ನೂ ಎದ್ದಿಲ್ಲ ಕಣ್ರೇ, ಅದಕ್ಕೆ ಹಾಕ್ಬೇಡಿ ಅಂತಾಳೆ ಒಬ್ಬಳು. ಕಾಳಿ ನೀರು ಹಾಕೋದು ಮರೆತರೆ ಇನ್ನೊಬ್ಬಳು ಹಾಕ್ತಾಳೆ. ಕಣ್ಣೆಲ್ಲಾ ಹೊಳೀತಾವೆ. ಇವರನ್ನ ಎಬ್ಬಿಸಿದವರು ಯಾರು, ಅಪ್ಪಣೆ ಕೊಟ್ಟವರು ಯಾರು, ಎಲ್ಲಿ ಯಜಮಾನ ಅಂತ ರಾಜ ಸುತ್ತಲೂ ನೋಡ್ತಾನೆ, ಯಜಮಾನ ಇನ್ನೂ ಮಲಗೇ ಅವ್ನೆ! ಹೆಂಗಸರು ಅವನನ್ನ ದಾಟ್ಕೊಂಡು ದಾಟ್ಕೊಂಡು ಓಡಾಡ್ತಾವ್ರೆ. ಕೊನೆಗೆ ಹೊನ್ನಿ ಕಾಲಲ್ಲಿ ತಿವಿದು, ಏಳೋ ನಿಂಗಾ, ರಾಜ ಬಂದವ್ರೆ ಅಂದ್ಳಂತೆ.

ರಾಜ ಕೂತು ನಗೋಕೆ ಶುರು ಮಾಡಿದವನು, ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಆ ರಾಜನೂ ಮೂರು ತಿಂಗಳ ಮೇಲೆ ಆವತ್ತೇ ನಕ್ಕಿದ್ದು. ಹಾರೆ ಗುದ್ದಲಿ ವಾಪಸ್ ಹೋದ್ವು. ಎಂಟು ದಿನಕ್ಕೆ ಹುಳ ಹಣ್ಣಾದ್ವು, ಅಂದ್ರೆ ಗೂಡು ಕಟ್ಟೋ ಹದಕ್ಕೆ ಬಂದ್ವು, ಗೂಡು ಕಟ್ಟಿಸೋ ಬಿದಿರ ಚಂದ್ರಿಕೆ ಸಾಲದೆ ಊರೂರಿಂದ ತರಿಸಿದ್ರು, ಅಷ್ಟು ಗೂಡು. ಮಗಳ ಧಾರೆ ಸೀರೆಯೂ ಆಯ್ತು, ಇಪ್ಪತ್ತು ಜನಕ್ಕೆ ಒಂದೊಂದು ಕುಪ್ಪಸದ ಬಟ್ಟೆಯೂ ಆಯ್ತು. ನಿಂಗ ಯಜಮಾನ ಆದ, ಹೊನ್ನಿ ಯಜಮಾನನಿಗೆ ಬೈಯೋ ಯಜಮಾನಿ ಆದ್ಳು. ಕೆಂಚ ಹೊಲದಿಂದ ಬಂದು ಸೊಪ್ಪು ಹೊತ್ತ, ಬೋರ ಬಂದು ಕಾಳಿ ಜೊತೆ ಬಟ್ಟಲಿಗೆ ನೀರು ಹಾಕ್ದ. ಹುಳ ಜ್ವರಕ್ಕೆ ಕೂತ ದಿನ ಆ ಬಾಗಿಲು ರಾಜನೂ ತಟ್ಟಬಾರದು ಅಂತ ಡಂಗುರ ಹೊಡೆಸಿದ್ರಂತೆ. ಎಲ್ಲಾರೂ ಸುಖವಾಗಿದ್ರು, ನಾವೂ...

ಏನೇ ಚೆಲುವಿ? ಏನು ತೋರಿಸ್ತಿದೀಯಾ? ಮಲಗಿದಾಳೆ ನಿಮ್ಮವ್ವ, ಉಣ್ಣದೇನೇ ಮಲಗಿಬಿಟ್ಳು... ಏನು, ಕೈ?

ಅಯ್ಯೋ ಶಿವನೇ.

ಆಡ್ತಾ ಅದಲ್ಲೇ ಕೈ. ನಿದ್ದೇಲಿ ಆಡ್ತಾ ಅದೆ. ಎರಡೂ ಕೈ ಮುಂದಕ್ಕೆ ತಳ್ಳೋದು, ಹಿಂದಕ್ಕೆ ಎಳೆಯೋದು. ಕಾಲರ್ ಹೊಲೀತಾವ್ಳೆ ಕಣೇ. ಇನ್ನೂ ಮಿಷನ್ ಮುಂದೆನೇ ಕೂತವ್ಳೆ.

ಎಷ್ಟು ವರ್ಷದಿಂದ ಈ ಕತೆ ಹೇಳ್ತಾ ಬಂದೆ. ಕೆಂಚ ನೀರು ಸುರಿದ ಅಂದಾಗೆಲ್ಲಾ ಅವನನ್ನ ಬೈಕೊಂಡು ಬಂದೆ. ಹೋದ ಭಾನುವಾರ ಎಂಟು ಗಂಟೆ ಆದ್ರೂ ಏಳಲಿಲ್ಲ ಅಂತ ಇವಳ ಹೊದಿಕೆ ಎಳೆದಿದ್ದು ಯಾರು? ನಾನೇ ಅಲ್ವಾ? ಸೊಸೆಯಾದವಳು ಬಿಸಿಲು ಬರೋಗಂಟ ಮಲಗ್ತಾಳಾ ಅಂತ ಬೀದಿಗೆ ಕೇಳೋ ಹಂಗೆ ಕೂಗಿದ್ದು ನಾನೇ. ಒಂದು ಮಾತು ಎದುರಾಡಲಿಲ್ಲ ಕಣೇ, ಎದ್ದು ಪೊರಕೆ ಹಿಡಿದ್ಳು. ಆಗಲೂ ಕಣ್ಣು ಮುಚ್ಚೇ ಇತ್ತೇನೋ, ನಾನು ಮುಖ ನೋಡಲಿಲ್ಲ. ಎಂಥ ಮುದುಕಿ ನಾನು.

ಇಲ್ಲ, ಎಬ್ಬಿಸ್ಬೇಡ. ನಿನ್ನ ಕೈ ಕೊಡು ಇಲ್ಲಿ. ಅವಳ ಕೈ ಮೇಲೆ ಇಡು, ಮೆತ್ತಗೆ. ಹಂಗೇ ಹಿಡ್ಕೊಂಡಿರು. ನೋಡು... ನಿಧಾನ ಆಯ್ತು. ನಿಂತೋಯ್ತು.

ಕತೆ ಮುಗೀತು ಕಣವ್ವ. ನಾಳೆ ಭಾನುವಾರ. ಹಾಲಿನೋನು ಬರಲಿ, ಚೀಟಿ ದುಡ್ಡಿನೋಳು ಬರಲಿ, ನಿಮ್ಮ ದೊಡ್ಡಪ್ಪನೇ ಬರಲಿ, ಬಾಗಿಲಲ್ಲಿ ನಾನು ಕೋಲು ಹಿಡ್ಕೊಂಡು ಕೂತಿರ್ತೀನಿ. ನೀನೂ ಮಲಗು. ಶ್.